ಫೈಬರ್ ಬಾಡಿಯ ಕಾರು, ಮೂರು ಡಬ್ಬಿ ಪೇಂಟ್ ರಿಮೂವರ್: ಮೂರು ವರ್ಷದ ಬಳಿಕ

ಬಣ್ಣ ಕಿತ್ತ ದಿನವೇ ಈ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಎಂಟು ತಿಂಗಳ ನಂತರ ಬರೆದಿದ್ದರೆ ಸೊನ್ನೆ. ಈಗ, ಹೊಸ ಬಣ್ಣ ಹೊಡೆದು ಮೂರು ವರ್ಷ ದಾಟಿದ ಮೇಲೆ, ಮೂರು ಕೊಡುತ್ತಿದ್ದೇನೆ. ಆ ಮೂರೂ ಕಾರಿನ ಎರಡು ಬಾಗಿಲುಗಳ ಪುಣ್ಯ.

ನನ್ನದು ಎರಡು ಸೀಟಿನ ಹಳೆಯ ಕಾರು. ಕೆಳಗೆ ಉಕ್ಕಿನ ಚಾಸಿ, ಮೇಲೆ ಪೂರ್ತಿ ಫೈಬರ್‌ಗ್ಲಾಸ್, ಅಂದರೆ ರಾಳದಲ್ಲಿ ಗಟ್ಟಿಯಾದ ಗಾಜಿನ ನಾರು. ನನಗಿಂತ ಮೊದಲು ಅದನ್ನು ಇಟ್ಟುಕೊಂಡಿದ್ದವರೆಲ್ಲ ತಮಗೆ ಬೇಕಾದ ಬಣ್ಣವನ್ನು ಹಿಂದಿನದರ ಮೇಲೆಯೇ ಬಳಿಸಿದ್ದರು. ದಪ್ಪ ಅಳೆಯಲೆಂದು ಅಯಸ್ಕಾಂತದ ಮೀಟರ್ ಹಿಡಿದೆ. ಅಡಿಯಲ್ಲಿ ಲೋಹವೇ ಇಲ್ಲದ ಮೈಯ ಬಗ್ಗೆ ಅದು ಏನು ಹೇಳೀತು? ಕೊನೆಗೆ ಬಾನೆಟ್ಟಿನ ಮೇಲೆ ನಾಣ್ಯದಗಲದ ಜಾಗವನ್ನು 320ರ ಉಜ್ಜುಕಾಗದದಿಂದ (ಸಂಖ್ಯೆ ಏರಿದಷ್ಟೂ ಕಾಗದ ನಯ) ತಗ್ಗಾಗುವಂತೆ ಉಜ್ಜಿದೆ. ಕೊಯ್ದ ಮರದ ಉಂಗುರಗಳಂತೆ ಪದರಗಳು ತೆರೆದುಕೊಂಡವು: ಮೂರು ಬಣ್ಣ, ನಡುನಡುವೆ ಬೂದು ಪ್ರೈಮರ್, ಎಲ್ಲಕ್ಕೂ ಕೆಳಗೆ ತೆಳು ನೀಲಿಯ ಜೆಲ್‌ಕೋಟ್, ಅಂದರೆ ನಾರನ್ನು ಮುಚ್ಚುವ ಬರೀ ರಾಳದ ಹೊರಪದರ. ಕೆಲಸ ಶುರು ಮಾಡುವವರು ಈ ಒಂದು ಬಿಲ್ಲೆಯನ್ನು ಮೊದಲು ಉಜ್ಜಿಕೊಳ್ಳಬೇಕು. ಎಲ್ಲಿ ನಿಲ್ಲಬೇಕೆಂಬುದನ್ನು ಹೇಳುವುದು ಅದೇ. ಜೆಲ್‌ಕೋಟ್ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನಷ್ಟು ಮಾತ್ರ. ಅದು ಹೋದರೆ ನೇರ ಗಾಜಿನ ನಾರು. ಎಲ್ಲ ಫೈಬರ್ ಕಾರುಗಳಲ್ಲೂ ಜೆಲ್‌ಕೋಟ್ ಇದ್ದೇ ಇರುತ್ತದೆ ಎಂದೇನಿಲ್ಲ ಎಂಬುದನ್ನೂ ಮರೆಯಬಾರದು. 1953ರಲ್ಲಿ ಹೊರಬಂದ ಶೆವರ್ಲೆ ಕಾರ್ವೆಟ್‌ಗೆ ಜೆಲ್‌ಕೋಟ್ ಇರಲಿಲ್ಲ. ಅಂಥ ಮೈಯಲ್ಲಿ ಪ್ರೈಮರ್ ಮುಗಿಯಿತೆಂದರೆ ರಾಳ ಮತ್ತು ನಾರು, ಅಷ್ಟೇ.

ನಾನು ಕೊಂಡದ್ದು 'ಫೈಬರ್‌ಗ್ಲಾಸ್‌ಗೆ ಸುರಕ್ಷಿತ' ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದ, ಬೆಂಜೈಲ್ ಆಲ್ಕೊಹಾಲ್ ಆಧಾರದ ಗಟ್ಟಿ ರಿಮೂವರ್. ಹಳೆಯ ಕಾಲದ ಖಡಕ್ ರಿಮೂವರ್‌ಗಳಲ್ಲಿ ಡೈಕ್ಲೋರೋಮೀಥೇನ್ ಎಂಬ ದ್ರಾವಕ ಇರುತ್ತಿತ್ತು. ಅದಕ್ಕೆ ಬಣ್ಣವೂ ಒಂದೇ, ಪಾಲಿಯೆಸ್ಟರ್ ರಾಳವೂ ಒಂದೇ, ಎರಡನ್ನೂ ಮೆತ್ತಗಾಗಿಸುತ್ತದೆ. ಮುಚ್ಚಿದ ಜಾಗದಲ್ಲಿ ಅದರ ಆವಿ ಜೀವವನ್ನೇ ತೆಗೆದಿದೆ. ಅಮೆರಿಕದಲ್ಲಿ ಮನೆಬಳಕೆಯ ರಿಮೂವರ್‌ಗಳಲ್ಲಿ ಅದನ್ನು ಮಾರುವುದನ್ನು 2019ರಲ್ಲಿ ನಿಷೇಧಿಸಿದ್ದು ಇದೇ ಕಾರಣಕ್ಕೆ. ಹಾಗಾಗಿ ನಿಧಾನವಾದರೂ ಸೌಮ್ಯವಾದದ್ದೇ ಇರಲಿ ಎಂದುಕೊಂಡೆ.

ನಿಧಾನವೆಂದರೆ ನಿಜಕ್ಕೂ ನಿಧಾನ. ಚಳಿಯ ಬೆಳಿಗ್ಗೆ ಹಚ್ಚಿದ್ದು ಮಧ್ಯಾಹ್ನದವರೆಗೂ ಸುಮ್ಮನೆ ಕೂತಿತ್ತು. ಬೆಚ್ಚಗಿನ ದಿನ ಅದೇ ಡಬ್ಬಿಯದು ಇಪ್ಪತ್ತು ನಿಮಿಷಕ್ಕೆ ಮೇಲಿನ ಪದರವನ್ನು ಮುದುಡಿಸಿ ಎಬ್ಬಿಸಿತು. ಎರಡು ಭಾಗ ಬೆರೆಸಿ ಹೊಡೆದ ಗಟ್ಟಿ ಬಣ್ಣ ಹಾಳೆಹಾಳೆಯಾಗಿ ಎದ್ದು ಬರುತ್ತದೆ. ಪ್ಲಾಸ್ಟಿಕ್ ಪಟ್ಟಿಯಿಂದ ಎಳೆಯುವುದೇ ಒಂದು ಸುಖ. ಅದರಡಿಯ ಹಳೆಯ ಲ್ಯಾಕರ್ (ದ್ರಾವಕ ಆರಿ ಗಟ್ಟಿಯಾಗುವ ಬಣ್ಣ) ಮಾತ್ರ ಏಳುವುದಿಲ್ಲ, ಕರಗುತ್ತದೆ. ಕರಗಿ ಅಂಟಂಟಾಗಿ ಕೈಗೆ, ಪಟ್ಟಿಗೆ, ನೆಲಕ್ಕೆ, ಚಪ್ಪಲಿಗೆ ಮೆತ್ತಿಕೊಂಡು ಪಕ್ಕದ ಸ್ವಚ್ಛ ಜಾಗಕ್ಕೂ ಹರಡುತ್ತದೆ. ತೆಳ್ಳನೆಯ ಕೈಗವಸುಗಳು ಉಬ್ಬಿ ಸಡಿಲಾದವು, ದಪ್ಪನೆಯವೇ ಬೇಕು. ಕಿಟಕಿಯ ರಬ್ಬರಿಗೆ ಎರಡು ಸುತ್ತು ಟೇಪ್ ಹಾಕಿದ್ದರೂ ಒಂದು ಕಡೆ ನುಗ್ಗಿ ಹಾಳು ಮಾಡಿತು.

ಬಾಗಿಲುಗಳ ಮೇಲೆ ನಾನು ಹೆದರಿ ಹೆದರಿ ಕೆಲಸ ಮಾಡಿದೆ. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬಿಡಲಿಲ್ಲ. ಕಟ್ಟಕಡೆಯ ಪ್ರೈಮರ್ ಕಂಡ ಕೂಡಲೇ ನಿಲ್ಲಿಸಿ, ಉಳಿದದ್ದನ್ನು ಕಾಗದದಿಂದ ಉಜ್ಜಿ ತೆಗೆದೆ. ಅಂದರೆ ರಿಮೂವರ್ ಜೆಲ್‌ಕೋಟನ್ನು ಮುಟ್ಟಲೇ ಇಲ್ಲ. ಮೂರು ವರ್ಷದ ನಂತರವೂ ಆ ಎರಡು ಬಾಗಿಲುಗಳಲ್ಲಿ ಒಂದು ಚುಕ್ಕೆಯ ದೋಷವಿಲ್ಲ.

ಬಾಗಿಲು ಕೊಟ್ಟ ಧೈರ್ಯ ಬಾನೆಟ್ಟಿನಲ್ಲಿ ಕೆಟ್ಟಿತು. ಅದರ ಎಡಮೂಲೆಯಲ್ಲಿ, ದೀಪದ ಬಳಿ, ಯಾವುದೋ ಕಾಲದ ಪೆಟ್ಟಿಗೆ ಜೇಡರ ಬಲೆಯಂಥ ಬಿರುಕುಗಳಿದ್ದವು. ಬಣ್ಣ ಅಲ್ಲಿ ಮೊಂಡಾಗಿತ್ತು. ರಿಮೂವರನ್ನು ದಪ್ಪನಾಗಿ ಬಳಿದು, ಒಣಗದಿರಲೆಂದು ಪ್ಲಾಸ್ಟಿಕ್ ಹಾಳೆ ಹೊದಿಸಿ, ರಾತ್ರಿಯಿಡೀ ಬಿಟ್ಟೆ. ಡಬ್ಬಿಯ ಮೇಲೆ ಇದಕ್ಕೆ ಅಡ್ಡಿ ಹೇಳಿರಲಿಲ್ಲ. ಬೆಳಿಗ್ಗೆ ಒಂದೇ ಎಳೆತಕ್ಕೆ ನೀಲಿ ಜೆಲ್‌ಕೋಟ್ ಹೊಳೆಯಿತು. ಸೂಚನೆಯಂತೆ ಪೈಪಿನಿಂದ ನೀರು ಬಿಟ್ಟು ತೊಳೆದೆ, ಎರಡು ದಿನ ಒಣಗಿಸಿ ಪ್ರೈಮರ್ ಹೊಡೆದೆ.

ಎಂಟನೆಯ ತಿಂಗಳು, ಬಿಸಿಲು ಏರಿದ ಮೊದಲ ವಾರ, ಅದೇ ಮೂಲೆಯಲ್ಲಿ ಗುಂಡುಸೂಜಿಯ ತಲೆಯಷ್ಟು ಗುಳ್ಳೆಗಳು ಎದ್ದವು. ಸಾಲಾಗಿ, ಬಿರುಕಿನ ಗೆರೆಗಳನ್ನೇ ಹಿಡಿದು. ಒಂದನ್ನು ಸೂಜಿಯಿಂದ ಚುಚ್ಚಿದರೆ ಒಳಗೆ ಅಂಟು ದ್ರವ, ಡಬ್ಬಿ ತೆರೆದಾಗ ಬಂದಿದ್ದ ಅದೇ ವಾಸನೆ. ಬಿರುಕಿನೊಳಗೆ ಇಳಿದ ರಿಮೂವರನ್ನು ಗಾಜಿನ ನಾರು ದೀಪದ ಬತ್ತಿ ಎಣ್ಣೆ ಹೀರಿದಂತೆ ಹೀರಿಕೊಂಡಿತ್ತು. ಮೇಲೆ ಹರಿಸಿದ ನೀರು ಅದನ್ನು ತೊಳೆಯುವ ಬದಲು ತಾನೂ ಒಳಗೆ ಸೇರಿಕೊಂಡಿತ್ತು. ಬಾನೆಟ್ ಬಿಸಿಯಾದಾಗ ಹೊರಬರಲು ದಾರಿ ಹುಡುಕಿದೆ. ದಾರಿಯಲ್ಲಿ ನನ್ನ ಹೊಸ ಬಣ್ಣವಿತ್ತು. 'ಸುರಕ್ಷಿತ' ಎಂಬ ಮಾತು ಗಟ್ಟಿಯಾದ ಜೆಲ್‌ಕೋಟಿಗೆ ಸಲ್ಲುತ್ತದೆ. ಬಿರುಕಿಗೆ, ಕೊಯ್ದ ಅಂಚಿಗೆ, ಬೋಲ್ಟಿನ ತೂತಿಗೆ ಸಲ್ಲುವುದಿಲ್ಲ. ಡಬ್ಬಿಯ ಮೇಲೆ ಇಷ್ಟು ಬರೆಯಲು ಜಾಗವಿತ್ತು.

ರಿಪೇರಿಯ ಕಥೆ ಚಿಕ್ಕದು, ಕೆಲಸ ಉದ್ದ. ಆ ಮೂಲೆಯನ್ನು ನಾರಿನವರೆಗೆ ಉಜ್ಜಿ, ಬಿರುಕುಗಳನ್ನು ಇಳಿಜಾರಾಗಿ ಕೊರೆದು, ಬಾನೆಟ್ಟನ್ನು ಬಿಚ್ಚಿ ಐದು ವಾರ ಬೆಚ್ಚನೆಯ ಒಣ ಜಾಗದಲ್ಲಿ ಒರಗಿಸಿಟ್ಟೆ. ಆಮೇಲೆ ಗಾಜಿನ ನಾರಿನ ತೆಳು ಮ್ಯಾಟ್ ಮತ್ತು ರಾಳ, ಅದರ ಮೇಲೆ ಎಪಾಕ್ಸಿ ಪ್ರೈಮರ್. ಅಂದಿನಿಂದ ಮೂಲೆ ತೆಪ್ಪಗಿದೆ.

ರಿಮೂವರ್ ಮುಟ್ಟದ ಭಾಗಗಳ ಲೆಕ್ಕವನ್ನೂ ಹೇಳದಿದ್ದರೆ ಹೋಲಿಕೆ ಅನ್ಯಾಯವಾಗುತ್ತದೆ. ಡಿಕ್ಕಿಯ ಮುಚ್ಚಳವನ್ನು ಬರೀ ರೇಜರ್ ಬ್ಲೇಡಿನಿಂದ ಹೆರೆದೆ. ಮೂರು ಸಂಜೆ ಹಿಡಿಯಿತು. ಬ್ಲೇಡನ್ನು ಮಲಗಿಸಿ ತಳ್ಳಿದರೆ ಲ್ಯಾಕರ್ ಸಿಪ್ಪೆಯಾಗಿ ಸುರುಳಿ ಸುತ್ತುತ್ತದೆ. ಬ್ಲೇಡಿನ ಎರಡು ಮೂಲೆಗಳನ್ನು ಸಾಣೆಕಲ್ಲಿನ ಮೇಲೆ ದುಂಡಗೆ ಮಾಡಿಕೊಳ್ಳಬೇಕೆಂದು ತಿಳಿಯುವ ಮೊದಲು ಮೂರು ಕಡೆ ಗೀರಿದೆ, ಪುಟ್ಟಿಯಲ್ಲಿ ಮುಚ್ಚಿದೆ. ಅದೂ ಮೂರು ವರ್ಷ ನಿಂತಿದೆ.

ಉಳಿದ ಮೈಗೆ ಡಿಎ ಸ್ಯಾಂಡರ್, ಅಂದರೆ ಕಾಗದದ ಬಿಲ್ಲೆ ತಿರುಗಿಸಿ ಉಜ್ಜುವ ಕೈಯಂತ್ರ: ಮೊದಲು 80, ಆಮೇಲೆ 180, ಕೊನೆಗೆ 320. ಸಮತಟ್ಟಿನಲ್ಲಿ ಸೊಗಸು, ಉಬ್ಬಿನಲ್ಲಿ ಕಂಟಕ. ಹಿಂದಿನ ಚಕ್ರದ ಕಮಾನಿನ ಏಣಿನಲ್ಲಿ ಎರಡು ಕ್ಷಣ ಹೆಚ್ಚು ನಿಂತೆ, ಜೆಲ್‌ಕೋಟ್ ಹಾದುಹೋಗಿ ನಾರಿನ ನೇಯ್ಗೆ ಕಂಡಿತು. ಉಬ್ಬಿರುವ ಕಡೆ ಕೈಯಿಂದಲೇ ಉಜ್ಜಬೇಕು. ಇನ್ನು ಧೂಳು! ಗಾಜಿನ ಧೂಳಿನ ನವೆ ಮೂರು ದಿನ ನಿದ್ದೆ ಕೆಡಿಸುತ್ತದೆ. ಮುಖಕ್ಕೆ ಒಳ್ಳೆಯ ಮಾಸ್ಕ್, ತೋಳಿನ ತುದಿಗೆ ಟೇಪ್, ಕೆಲಸದ ನಂತರ ತಣ್ಣೀರು. ಹಳೆಯ ಬಣ್ಣದಲ್ಲಿ ಸೀಸವೂ ಇರಬಹುದಾದ್ದರಿಂದ ಮಾಸ್ಕಿನ ವಿಷಯದಲ್ಲಿ ಉದಾಸೀನ ಬೇಡ.

ಹೀಟ್ ಗನ್ ಹತ್ತಿರ ತರಲಿಲ್ಲ. ಬಣ್ಣ ಬಿಡುವಷ್ಟು ಶಾಖಕ್ಕೆ ರಾಳ ಮೊದಲೇ ಮೆತ್ತಗಾಗಿ ಮೈ ಸೊಟ್ಟಗಾಗುತ್ತದೆ. ಮರಳು ಸಿಡಿಸಿ ಒಂದೇ ಗಂಟೆಯಲ್ಲಿ ಮುಗಿಸಿಕೊಡುತ್ತೇವೆ ಎಂದ ವರ್ಕ್‌ಶಾಪ್ ಒಂದಿತ್ತು. ಮುಗಿಯುತ್ತಿತ್ತು, ಕಾರೂ ಸೇರಿ.

ಮತ್ತೆ ಕೊಳ್ಳುತ್ತೇನೆಯೇ? ಬಿರುಕಿಲ್ಲದ, ಬಿಚ್ಚಿ ಮೇಜಿನ ಮೇಲೆ ಮಲಗಿಸಬಹುದಾದ ಬಾಗಿಲಿನಂಥ ಭಾಗಕ್ಕೆ, ಮೇಲಿನ ಎರಡು ಪದರ ಇಳಿಸುವಷ್ಟಕ್ಕೆ, ಒಂದು ಡಬ್ಬಿ ಕೊಳ್ಳುತ್ತೇನೆ. ತೊಳೆಯಲು ಪೈಪ್ ಹಿಡಿಯುವುದಿಲ್ಲ, ಒದ್ದೆ ಬಟ್ಟೆಯಿಂದ ಹತ್ತು ಸಲ ಒರೆಸುತ್ತೇನೆ. ನನ್ನ ಮೂರನೆಯ ಡಬ್ಬಿಯಲ್ಲಿ ಅರ್ಧ ಹಾಗೆಯೇ ಉಳಿದಿದೆ. ಮೊನ್ನೆ ಅದನ್ನು ಉಕ್ಕಿನ ಚಾಸಿಯ ಮೇಲೆ ಬಳಿದೆ; ಅಲ್ಲಿ ರಾತ್ರಿಯಿಡೀ ನೆಮ್ಮದಿಯಿಂದ ಬಿಟ್ಟು ಮಲಗಿದೆ.