ಡಿಸೈನ್ ಡಿಪ್ಲೊಮಾಗೆ ಹಣ ಕಟ್ಟುವ ಮೊದಲು ಇದನ್ನು ಓದಿ

ಗ್ರಾಫಿಕ್ ಡಿಸೈನ್ ಕಲಿಯಲು ಹೊರಟವರಿಗೂ ಅವರ ಅಪ್ಪ ಅಮ್ಮಂದಿರಿಗೂ ಇದನ್ನು ಬರೆಯುತ್ತಿದ್ದೇನೆ. ನನ್ನ ಒಂದು ವರ್ಷ ಹೋಯಿತು, ಕೂಡಿಟ್ಟ ಹಣವೂ ಹೋಯಿತು. ನಿಮಗೆ ಹಾಗಾಗಬಾರದು.

ನನ್ನ ಹತ್ತಿರ ಡಿಸೈನ್ ಡಿಗ್ರಿ ಇರಲಿಲ್ಲ. ಅದಿಲ್ಲದೆ ಯಾರೂ ಕೆಲಸ ಕೊಡುವುದಿಲ್ಲ ಅನ್ನುವ ಭಯ ಇತ್ತು. ಆಗ ಒಂದು ಖಾಸಗಿ ಸಂಸ್ಥೆಯವರು 'ನಮ್ಮ ಡಿಪ್ಲೊಮಾ ಡಿಗ್ರಿಗೆ ಸಮ, ಕೆಲಸ ಗ್ಯಾರಂಟಿ' ಅಂದರು. ಯಾವ ವಿಶ್ವವಿದ್ಯಾಲಯ ಅದನ್ನು ಮಾನ್ಯ ಮಾಡಿದೆ ಅಂತ ನಾನು ಕೇಳಲಿಲ್ಲ. ಯಾವುದೂ ಮಾಡಿರಲಿಲ್ಲ.

ವರ್ಷವಿಡೀ ಕಲಿಸಿದ್ದು ಫೋಟೋಶಾಪ್, ಇಲಸ್ಟ್ರೇಟರ್ ಟೂಲ್‌ಗಳನ್ನು ಮಾತ್ರ. ಈ ಅಕ್ಷರ ಇಷ್ಟು ದಪ್ಪ ಯಾಕೆ, ಇಲ್ಲಿ ಜಾಗ ಖಾಲಿ ಬಿಟ್ಟಿದ್ದು ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ಕೊನೆಗೆ ಪೋರ್ಟ್‌ಫೋಲಿಯೊ, ಅಂದರೆ ಕೆಲಸ ಕೇಳುವಾಗ ತೋರಿಸುವ ನಮ್ಮ ಡಿಸೈನ್‌ಗಳ ಸಂಗ್ರಹ, ಮಾಡಿಸುವಾಗ ಫೈಲ್‌ಗಳನ್ನೂ ಅವರೇ ಕೊಟ್ಟರು. ನಾವು ಬಣ್ಣ ಬದಲಿಸಿದೆವು, ಹೆಸರು ಬದಲಿಸಿದೆವು.

ಮೊದಲ ಇಂಟರ್‌ವ್ಯೂನಲ್ಲಿ ಎದುರಿಗಿದ್ದ ಮೇಡಂ ಸರ್ಟಿಫಿಕೇಟ್ ಮುಟ್ಟಲೇ ಇಲ್ಲ. ಪೋರ್ಟ್‌ಫೋಲಿಯೊದ ಎರಡು ಪುಟ ನೋಡಿ ತಮ್ಮ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. ಅದೇ ಕಾಫಿ ಕಪ್ಪಿನ ಲೋಗೊ, ಮೇಲೆ ಅದೇ ಹಬೆಯ ಸುರುಳಿ. ನನ್ನದು ಕಂದು, ಅದು ಹಸಿರು. ಹಿಂದಿನ ವಾರ ಬಂದಿದ್ದ ಇನ್ನೊಬ್ಬರದ್ದಂತೆ. 'ಇದರಲ್ಲಿ ನೀವು ಯೋಚಿಸಿ ಮಾಡಿದ್ದು ಯಾವುದು?' ಅಂತ ಮೆಲ್ಲಗೆ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದು ತುಂಬಾ ಅತ್ತೆ.

ಆಮೇಲೆ ಹೇಗೋ ಒಂದು ಸಣ್ಣ ಕೆಲಸ ಸಿಕ್ಕಿತು. ಮೊದಲ ಕರಪತ್ರ ಪ್ರೆಸ್‌ನಿಂದ ಬಂದಾಗ ಅಂಚಿನಲ್ಲೆಲ್ಲ ಬಿಳಿ ಗೆರೆ, ಕಟಿಂಗ್‌ಗೆ 3 ಮಿ.ಮೀ. ಬ್ಲೀಡ್ (ಅಂಚಿನಾಚೆಗೂ ಹೆಚ್ಚಿಗೆ ಹರಡುವ ಬಣ್ಣ) ಬಿಟ್ಟಿರಲಿಲ್ಲ. ಸಣ್ಣ ಅಕ್ಷರಗಳೂ ಮಸುಕಾಗಿದ್ದವು. ಪ್ರೆಸ್‌ನ ಹಿರಿಯರು ನನ್ನ ಕೈಗೆ ಭೂತಗನ್ನಡಿ ಕೊಟ್ಟರು. ಪ್ರತಿ ಅಕ್ಷರದ ಪಕ್ಕದಲ್ಲೂ ಗುಲಾಬಿ, ನೀಲಿ ನೆರಳು. ನಾನು ಆರ್‌ಜಿಬಿಯಲ್ಲಿ, ಅಂದರೆ ಕಂಪ್ಯೂಟರ್ ಪರದೆಯ ಬಣ್ಣ ಕ್ರಮದಲ್ಲಿ, ಮಾಡಿದ್ದ ಕಪ್ಪು, ಮುದ್ರಣದ ಕ್ರಮವಾದ ಸಿಎಂವೈಕೆಗೆ ಬದಲಾದಾಗ ನಾಲ್ಕು ಶಾಯಿಗಳ ಬೆರಕೆ ಆಗಿತ್ತು. ಒಂದೊಂದು ಶಾಯಿಗೂ ಒಂದೊಂದು ಅಚ್ಚಿನ ಪ್ಲೇಟ್, ಅದು ಕೂದಲೆಳೆಯಷ್ಟು ಸರಿದರೂ ಬಣ್ಣ ಹೊರಗೆ ಇಣುಕುತ್ತದೆ. 'ಸಣ್ಣ ಅಕ್ಷರಕ್ಕೆ ಬರೀ ಕಪ್ಪು ಶಾಯಿ ಒಂದೇ ಹಾಕಮ್ಮಾ' ಅಂದರು. ಅರ್ಧ ಗಂಟೆಯಲ್ಲಿ ಅವರು ಕಲಿಸಿದ್ದನ್ನು ಒಂದು ವರ್ಷದಲ್ಲಿ ಯಾರೂ ಕಲಿಸಿರಲಿಲ್ಲ.

ನನ್ನ ತಕರಾರು ಡಿಗ್ರಿ ಮೇಲಲ್ಲ. ಒಳ್ಳೆಯ ಕಾಲೇಜಿನಲ್ಲಿ ಮೂರು ನಾಲ್ಕು ವರ್ಷ ನಿಮ್ಮ ಕೆಲಸವನ್ನು ಗೋಡೆಗೆ ಅಂಟಿಸಿ ಎಲ್ಲರೆದುರು ವಿಮರ್ಶೆ ಮಾಡುತ್ತಾರೆ. ಅದು ದೊಡ್ಡ ಲಾಭ. ಕಾಲೇಜಿನಲ್ಲಿ ಪಾಠ ಮಾಡಬೇಕು ಅಂದರೆ ಸಾಮಾನ್ಯವಾಗಿ ಡಿಗ್ರಿ ಬೇಕು. ಅಮೆರಿಕದಲ್ಲಿ ಕೆಲಸ ಮಾಡಲು ಕೊಡುವ ಎಚ್-1ಬಿ ವೀಸಾಗೂ ಡಿಗ್ರಿ, ಇಲ್ಲವೇ ಅದಕ್ಕೆ ಸಮನಾದ ಅನುಭವ ಕೇಳುತ್ತಾರೆ. ಆದರೆ ಡಿಸೈನರ್ ಕೆಲಸಕ್ಕೆ ಹೆಚ್ಚಿನ ಕಡೆ ಮೊದಲು ನೋಡುವುದು ಪೋರ್ಟ್‌ಫೋಲಿಯೊವನ್ನೇ. 1990ರ ದಶಕದಲ್ಲಿ ಮ್ಯಾಗಜಿನ್ ಪುಟಗಳ ರೂಪವನ್ನೇ ಬದಲಿಸಿದ ಡೇವಿಡ್ ಕಾರ್ಸನ್ ಓದಿದ್ದು ಸಮಾಜಶಾಸ್ತ್ರ. 1971ರಲ್ಲಿ ಶೂ ಕಂಪನಿ ನೈಕಿಯ ಗುರುತನ್ನು ಬರೆದಾಗ ಕ್ಯಾರೊಲಿನ್ ಡೇವಿಡ್‌ಸನ್ ಇನ್ನೂ ವಿದ್ಯಾರ್ಥಿನಿ. ಡಿಗ್ರಿ ಇಲ್ಲ ಅನ್ನುವ ಭಯದಲ್ಲಿ ಸಿಕ್ಕಿದ ಕಾಗದಕ್ಕೆ ದುಡ್ಡು ಸುರಿಯುವುದಿದೆಯಲ್ಲ, ನಾನು ಬೇಡ ಅನ್ನುವುದು ಅದನ್ನು.

ಎಲ್ಲಿಗಾದರೂ ಸೇರುವ ಮುಂಚೆ ಅಲ್ಲಿನ ನಾಲ್ಕು ಹಳೆಯ ವಿದ್ಯಾರ್ಥಿಗಳ ಪೋರ್ಟ್‌ಫೋಲಿಯೊ ಕೇಳಿ ಪಡೆಯಿರಿ. ಅಕ್ಕಪಕ್ಕ ಇಟ್ಟು ನೋಡಿ. ಒಂದೇ ತರಹ ಕಂಡರೆ ಎದ್ದು ಬನ್ನಿ. ಮಾನ್ಯತೆ ಬಗ್ಗೆ, ಕೆಲಸದ ಗ್ಯಾರಂಟಿ ಬಗ್ಗೆ ಬರವಣಿಗೆಯಲ್ಲಿ ಕೇಳಿ. ಫೀಸ್ ವಾಪಸ್ ಕೊಡುವ ನಿಯಮವನ್ನೂ ಸಹಿ ಹಾಕುವ ಮುಂಚೆಯೇ ಓದಿ. ನಾನು ಹಣ ವಾಪಸ್ ಕೇಳಲು ಹೋದಾಗ ಫಾರಂನ ಹಿಂಬದಿ ತಿರುಗಿಸಿ ತೋರಿಸಿದರು. ಯಾವ ಕಾರಣಕ್ಕೂ ಹಣ ಹಿಂತಿರುಗಿಸುವುದಿಲ್ಲ ಅಂತ ಸಣ್ಣ ಅಕ್ಷರದಲ್ಲಿತ್ತು, ಕೆಳಗೆ ನನ್ನದೇ ಸಹಿ.