ಐ5-7500 ಮತ್ತು ಜಿಟಿಎಕ್ಸ್ 1060: ಹಳೆಯ ಗೇಮಿಂಗ್ ಪಿಸಿ ಎಲ್ಲಿ ಎಡವಿತು, ಎಷ್ಟು ಸುಧಾರಿಸಿತು

ಮೊದಲು ಯಂತ್ರದ ಜಾತಕ. ಇಂಟೆಲ್ ಕೋರ್ ಐ5-7500 ಪ್ರೊಸೆಸರ್, ಎನ್‌ವಿಡಿಯಾ ಜಿಟಿಎಕ್ಸ್ 1060ರ 6 ಜಿಬಿ ಗ್ರಾಫಿಕ್ಸ್ ಕಾರ್ಡ್, ಬಿ250 ಮದರ್‌ಬೋರ್ಡ್, 8 ಜಿಬಿಯ ಒಂದೇ ಒಂದು ರ‍್ಯಾಮ್, 7200 ಆರ್‌ಪಿಎಂ ಹಾರ್ಡ್ ಡಿಸ್ಕ್, 1080ಪಿ ಮಾನಿಟರ್. ಕಾರ್ಡ್ ಮಾರುಕಟ್ಟೆಗೆ ಬಂದದ್ದು 2016ರಲ್ಲಿ, ಪ್ರೊಸೆಸರ್ 2017ರ ಜನವರಿಯಲ್ಲಿ. ಆಗ ಮಧ್ಯಮ ದರ್ಜೆಯ ಗೇಮಿಂಗ್ ಪಿಸಿ ಅಂದರೆ ಹೆಚ್ಚುಕಡಿಮೆ ಈ ಜೋಡಿಯೇ. ಇವತ್ತಿಗೂ ಇದರ ಒಂದು ಭಾಗವೂ ಕೈಕೊಟ್ಟಿಲ್ಲ. ಹಾಗಾಗಿ ಇದು ಕೆಟ್ಟ ಯಂತ್ರದ ಮೇಲಿನ ದೂರಲ್ಲ. ಚೆನ್ನಾಗಿ ಓಡುತ್ತಿದ್ದ ಯಂತ್ರ ಹೊಸ ಆಟಗಳಲ್ಲಿ ಮಾತುಮಾತಿಗೆ ಮುಗ್ಗರಿಸತೊಡಗಿದಾಗ ಏನು ಮಾಡಿದ್ದು ಫಲ ಕೊಟ್ಟಿತು, ಏನು ಕೊಡಲಿಲ್ಲ ಅನ್ನುವುದರ ವರದಿ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಎಲ್ಲರೂ ಮೊದಲು ಬೊಟ್ಟು ಮಾಡುವುದು ಗ್ರಾಫಿಕ್ಸ್ ಕಾರ್ಡಿನ ಕಡೆಗೆ, ಆದರೆ ನನ್ನ ಯಂತ್ರದಲ್ಲಿ ಅದರ ಪಾಲು ತೀರ ಕಡಿಮೆ ಇತ್ತು.

ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಮೂಡುವ ಫ್ರೇಮ್ (ಚಿತ್ರ) ಎಷ್ಟು ಎಂಬ ಅಂಕಿಯನ್ನು ನಂಬಿಕೊಂಡು ಹುಡುಕಾಟಕ್ಕೆ ಇಳಿದರೆ ದಾರಿ ತಪ್ಪುತ್ತದೆ. ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದೊಂದಕ್ಕೆ 16.7 ಮಿಲಿಸೆಕೆಂಡ್. ಈಗ 59 ಫ್ರೇಮ್‌ಗಳು ತಲಾ 15 ಮಿಲಿಸೆಕೆಂಡಿನಲ್ಲಿ ಬಂದು, ಉಳಿದ ಒಂದೇ ಒಂದು 115 ಮಿಲಿಸೆಕೆಂಡ್ ತೆಗೆದುಕೊಂಡಿತು ಅಂದುಕೊಳ್ಳಿ. ಕೂಡಿಸಿದರೆ ಸರಿಯಾಗಿ ಒಂದು ಸೆಕೆಂಡ್, ಮೂಲೆಯಲ್ಲಿ 60 ಅಂತಲೇ ತೋರಿಸುತ್ತದೆ. ಕಣ್ಣಿಗೆ ಮಾತ್ರ ಆಟ ಗಕ್ಕನೆ ನಿಂತು ಹೊರಟಂತೆ ಕಾಣುತ್ತದೆ. 2011ರಲ್ಲಿ ಟೆಕ್ ರಿಪೋರ್ಟ್ ತಾಣದಲ್ಲಿ ಸ್ಕಾಟ್ ವಾಸನ್ ಸರಾಸರಿಯನ್ನು ಬದಿಗಿಟ್ಟು ಒಂದೊಂದು ಫ್ರೇಮಿಗೆ ಹಿಡಿದ ಸಮಯವನ್ನು ಅಳೆದು ತೋರಿಸಿದ ಮೇಲೆ ಕಾರ್ಡುಗಳ ವಿಮರ್ಶೆ ಬರೆಯುವ ರೀತಿಯೇ ಬದಲಾಯಿತು. ನಮಗೆ ಬೇಕಾದದ್ದೂ ಅದೇ ಗ್ರಾಫ್. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಪ್ರೋಗ್ರಾಂ ಜೊತೆ ಬರುವ ರಿವಾಟ್ಯೂನರ್ ಅದನ್ನು ಆಟದ ಮೇಲೆಯೇ ಬಿಡಿಸಿ ತೋರಿಸುತ್ತದೆ. ಅದರ ಜೊತೆಗೆ ಪ್ರೊಸೆಸರಿನ ಪ್ರತಿ ಕೋರಿನ (ಒಳಗಿನ ಕೆಲಸದ ಘಟಕ) ಬಳಕೆ, ಕಾರ್ಡಿನ ಬಳಕೆ, ವಿಡಿಯೋ ಮೆಮೊರಿ, ರ‍್ಯಾಮ್, ತಾಪಮಾನ ಇಷ್ಟನ್ನು ಹಾಕಿಕೊಂಡರೆ ಸಾಕು.

ಗ್ರಾಫ್ ಓದುವುದನ್ನು ರೂಢಿ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಗೆರೆ ನೇರವಾಗಿ ಹೋಗುತ್ತಾ, ಗಡಿಯಾರದ ಲೆಕ್ಕದಲ್ಲಿ ಒಂದೇ ಅಂತರಕ್ಕೆ ಮುಳ್ಳಿನಂತೆ ಏಳುತ್ತಿದ್ದರೆ ಆಟದ ತಪ್ಪಲ್ಲ, ಹಿನ್ನೆಲೆಯಲ್ಲಿ ಯಾವುದೋ ಪ್ರೋಗ್ರಾಂ ಸರದಿ ಪ್ರಕಾರ ಎದ್ದು ಕೆಲಸ ಮಾಡುತ್ತಿದೆ. ಹೊಸ ಆಯುಧ, ಹೊಸ ಶತ್ರು, ಹೊಸ ಸ್ಫೋಟ ಮೊದಲ ಸಲ ಕಂಡಾಗ ಮಾತ್ರ ಎಡವಿ, ಎರಡನೇ ಸಲ ನಯವಾಗಿದ್ದರೆ ಅದು ಶೇಡರ್, ಅಂದರೆ ಬೆಳಕು ಬಣ್ಣ ಮೂಡಿಸಲು ಕಾರ್ಡಿನಲ್ಲಿ ಓಡುವ ಪುಟ್ಟ ಪ್ರೋಗ್ರಾಂ. ಜನಜಂಗುಳಿಯ ಬೀದಿಗೆ ಕಾಲಿಟ್ಟಾಗ ಗೆರೆಯೇ ದಪ್ಪಗಾಗಿ ಗರಗಸದ ಹಲ್ಲಿನಂತೆ ಕಂಡರೆ ಪ್ರೊಸೆಸರ್. ಗಾಡಿ ಓಡಿಸುತ್ತಾ ಊರಿಂದ ಊರಿಗೆ ದಾಟುವಾಗ ಒಂದೇ ಎತ್ತರದ ಕಂಬ ಎದ್ದರೆ ಡಿಸ್ಕ್ ಅಥವಾ ರ‍್ಯಾಮ್. ಶುರುವಿನಲ್ಲಿ ಸರಿಯಿದ್ದು, ಸ್ವಲ್ಪ ಹೊತ್ತಾದ ಮೇಲೆ ಇಡೀ ಗೆರೆ ಮೇಲಕ್ಕೆ ಜರುಗಿದರೆ ಶಾಖ. ಗ್ರಾಫ್ ಅಲುಗಾಡದೆ ಇದ್ದು, ಎದುರಾಳಿ ಮಾತ್ರ ಹಿಂದಕ್ಕೂ ಮುಂದಕ್ಕೂ ಜಿಗಿಯುತ್ತಿದ್ದರೆ ಪಿಸಿಯನ್ನು ಬಿಟ್ಟು ನೆಟ್‌ವರ್ಕ್ ನೋಡಿ.

ನನ್ನಲ್ಲಿ ಢಾಳಾಗಿ ಕಂಡದ್ದು ಗರಗಸ. ಐ5-7500ಕ್ಕೆ ಇರುವುದು ನಾಲ್ಕು ಕೋರ್, ನಾಲ್ಕೇ ಥ್ರೆಡ್ (ಏಕಕಾಲಕ್ಕೆ ಓಡಬಲ್ಲ ಕೆಲಸದ ಎಳೆ); ಒಂದು ಕೋರಿಗೆ ಎರಡು ಎಳೆ ಕೊಡುವ ಹೈಪರ್‌ಥ್ರೆಡಿಂಗ್ ಇಲ್ಲ. ದೊಡ್ಡ ಊರಿನ ದೃಶ್ಯದಲ್ಲಿ ನಾಲ್ಕೂ ಕೋರ್ ಶೇಕಡಾ 100ರಲ್ಲಿ ಅಂಟಿಕೊಂಡಿವೆ, ಕಾರ್ಡ್ ಮಾತ್ರ 60–65ರಲ್ಲಿ ಆರಾಮಾಗಿ ಕೂತಿದೆ. ಈ ಹೊತ್ತಿನಲ್ಲಿ ರೆಸಲ್ಯೂಷನ್ ಇಳಿಸುವುದು, ಚಿತ್ರದ ಅಂಚು ನಯಗೊಳಿಸುವ ಆ್ಯಂಟಿ ಅಲಿಯಾಸಿಂಗ್ ತೆಗೆಯುವುದು ಎಲ್ಲ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಕಾರ್ಡಿನ ಹೊರೆ ಇನ್ನೂ ಇಳಿಯುತ್ತದೆ, ಎಡವುವುದು ಇದ್ದಲ್ಲೇ ಇರುತ್ತದೆ. ಹೊಸ ಕಾರ್ಡ್ ಹಾಕಿದರೂ ಇದೇ ಕಥೆ. ಪ್ರೊಸೆಸರಿನ ಹೆಗಲ ಭಾರ ಇಳಿಸುವ ಸೆಟ್ಟಿಂಗ್‌ಗಳು ಬೇರೆಯೇ ಇವೆ: ಬೀದಿಯಲ್ಲಿ ಓಡಾಡುವ ಜನರ ದಟ್ಟಣೆ, ದೃಷ್ಟಿ ಹರಿಯುವ ದೂರ, ನೆರಳುಗಳ ದೂರ, ಫಿಸಿಕ್ಸ್ ವಿವರ. ನಾನು ಜನದಟ್ಟಣೆಯನ್ನು ಕನಿಷ್ಠಕ್ಕೂ ದೂರವನ್ನು ಮಧ್ಯಮಕ್ಕೂ ಇಳಿಸಿ, ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರಗಳಾದ ಟೆಕ್ಸ್‌ಚರ್ ಮತ್ತು ಆ್ಯಂಟಿ ಅಲಿಯಾಸಿಂಗ್ ಅನ್ನು ವಾಪಸ್ ಏರಿಸಿದೆ. ಚಿತ್ರ ಇನ್ನೂ ಚೆಂದ ಆಯಿತು, ಎಡವುವುದೂ ಕಡಿಮೆಯಾಯಿತು.

ಆದರೆ ಕಾಸಿಗೆ ತಕ್ಕ ಕಜ್ಜಾಯ ಅಂತ ಅನ್ನಿಸಿದ್ದು ಎರಡನೇ ರ‍್ಯಾಮ್. ಯಂತ್ರ ಬಂದಾಗಿನಿಂದ ಒಂದೇ ಸ್ಟಿಕ್ ಇತ್ತು. ಡಿಡಿಆರ್4-2400ರ ಒಂದು ಸ್ಟಿಕ್ ಗರಿಷ್ಠ ಸೆಕೆಂಡಿಗೆ 19.2 ಜಿಬಿ ಸಾಗಿಸಬಲ್ಲದು. ಪ್ರೊಸೆಸರಿಗೆ ಹೋಗುವ ಎರಡು ದಾರಿ, ಅಂದರೆ ಚಾನೆಲ್‌ಗಳಲ್ಲಿ ಒಂದೊಂದು ಹಾಕಿದರೆ ಅದು 38.4 ಆಗುತ್ತದೆ. ನಾಲ್ಕು ಸ್ಲಾಟಿನ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಪ್ರೊಸೆಸರಿನಿಂದ ಲೆಕ್ಕ ಹಾಕಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ ಕೂರಿಸಬೇಕು. ಪಕ್ಕಪಕ್ಕದಲ್ಲಿ ಹಾಕಿದರೆ ಒಟ್ಟು 16 ಜಿಬಿ ತೋರಿಸುತ್ತದೆ, ಆದರೆ ಎರಡೂ ಒಂದೇ ಚಾನೆಲಿನಲ್ಲಿ ನೂಕಾಡುತ್ತಿರುತ್ತವೆ. ಕೂರಿಸಿದ ಮೇಲೆ ಸಿಪಿಯು-ಝಡ್ ತೆರೆದು ಮೆಮೊರಿ ಪುಟದಲ್ಲಿ ಡ್ಯುಯಲ್ ಅಂತ ಇದೆಯಾ ನೋಡಿ. ಇನ್ನೊಂದು ಮಾತು: ಬಿ250ರಲ್ಲಿ 3200ರ ರ‍್ಯಾಮ್ ಹಾಕಿದರೂ ಅದು 2400ರಲ್ಲೇ ಓಡುತ್ತದೆ, ವೇಗದ ಹೆಸರಿನಲ್ಲಿ ಹೆಚ್ಚು ದುಡ್ಡು ಕೊಡುವ ಅಗತ್ಯ ಇಲ್ಲ. ಎಕ್ಸ್‌ಎಂಪಿ (ಡಬ್ಬಿಯ ವೇಗಕ್ಕೆ ಏರಿಸುವ ಸೆಟ್ಟಿಂಗ್) ಆನ್ ಮಾಡಿ ಎಂಬ ಸಲಹೆ ನಮ್ಮಂಥ ಬೋರ್ಡಿಗೆ ಹೆಚ್ಚೇನೂ ಕೊಡುವುದಿಲ್ಲ, ಹೆಚ್ಚಿನ ವೇಗ ಒಪ್ಪುವ ಝಡ್ ಸರಣಿಯ ಬೋರ್ಡಿನವರಿಗೆ ಸರಿ.

ಸರಾಸರಿ ಎಫ್‌ಪಿಎಸ್ ಇದರಿಂದ ಅಂಥಾ ಏರಲಿಲ್ಲ. ಬದಲಾದದ್ದು ತಳದ ಅಂಕಿ, ಅಂದರೆ ಅತಿ ನಿಧಾನದ ಶೇಕಡಾ 1 ಫ್ರೇಮ್‌ಗಳ ಲೆಕ್ಕ. ಮೊದಲು ಆಟ ಹಾಕಿದೊಡನೆ 8 ಜಿಬಿ ತುಂಬಿ, ವಿಂಡೋಸ್ ಡಿಸ್ಕಿನಲ್ಲಿ ಮೆಮೊರಿಗೆ ಬದಲಿಯಾಗಿ ಇಟ್ಟ ಪೇಜ್ ಫೈಲ್‌ಗೆ ಬರೆಯತೊಡಗುತ್ತಿತ್ತು. ಅದೂ ಅದೇ ಹಾರ್ಡ್ ಡಿಸ್ಕಿನ ಮೇಲೆ, ಆಟ ತನ್ನ ಫೈಲುಗಳನ್ನು ಓದುತ್ತಿರುವಾಗಲೇ. ಕ್ಯಾಬಿನೆಟ್ ಹತ್ತಿರ ಕಿವಿ ಇಟ್ಟರೆ ಡಿಸ್ಕಿನ ಹೆಡ್ ಕಟಕಟ ಅನ್ನುವುದು ಕೇಳಿಸುತ್ತಿತ್ತು, ಆ ಸದ್ದಿಗೂ ಗ್ರಾಫಿನ ಕಂಬಕ್ಕೂ ತಾಳ ಸರಿಯಾಗಿ ಕೂಡುತ್ತಿತ್ತು. 7200 ಆರ್‌ಪಿಎಂ ಡಿಸ್ಕ್ ಒಂದು ಸುತ್ತು ಮುಗಿಸಲು 8.3 ಮಿಲಿಸೆಕೆಂಡ್ ಬೇಕು. ಹೆಡ್ ಜಾಗ ಬದಲಿಸಿ, ಬೇಕಾದ ಭಾಗ ಕೆಳಗೆ ಬರುವ ತನಕ ಕಾಯುವಷ್ಟರಲ್ಲಿ ಒಂದು ಇಡೀ ಫ್ರೇಮಿನ ಸಮಯ ಹೋಯಿತು. ಸಾಟಾ ಎಸ್‌ಎಸ್‌ಡಿಯಲ್ಲಿ ಈ ಕಾಯುವಿಕೆ ಮಿಲಿಸೆಕೆಂಡಿನ ಒಂದು ಭಾಗಕ್ಕೆ ಇಳಿಯುತ್ತದೆ. ಸೆಕೆಂಡಿಗೆ 550 ಎಂಬಿ ಎಂದು ಡಬ್ಬಿಯ ಮೇಲೆ ಬರೆದಿರುವ ವೇಗಕ್ಕಿಂತ ಆಟಕ್ಕೆ ಮುಖ್ಯವಾದದ್ದು ಇದು. ಹಾಗಾಗಿ ಹಳೆಯ ಪಿಸಿಗೆ ದುಬಾರಿ ಎನ್‌ವಿಎಂಇ ಎಂಬ ಇನ್ನೂ ವೇಗದ ಎಸ್‌ಎಸ್‌ಡಿ ಹುಡುಕಬೇಕಿಲ್ಲ.

ವಿಡಿಯೋ ಮೆಮೊರಿಯ ಲೆಕ್ಕ ಬೇಗ ಮುಗಿಯುತ್ತದೆ. 6 ಜಿಬಿ ತುಂಬಿದ ಮೇಲೆ ಉಳಿದ ಟೆಕ್ಸ್‌ಚರ್‌ಗಳು ಸಿಸ್ಟಮ್ ರ‍್ಯಾಮಿನಲ್ಲಿ ಕೂರುತ್ತವೆ. ಕಾರ್ಡಿನ ಸ್ವಂತ ಮೆಮೊರಿ ಸೆಕೆಂಡಿಗೆ 192 ಜಿಬಿ ಕೊಟ್ಟರೆ, ಕಾರ್ಡನ್ನು ಬೋರ್ಡಿಗೆ ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ 3.0ರ 16 ಲೇನ್‌ಗಳಲ್ಲಿ ಬರುವುದು ಸುಮಾರು 16 ಜಿಬಿ. ಕ್ಯಾಮರಾ ತಿರುಗಿಸಿದಾಗೆಲ್ಲ ಎಡವಿದರೆ ಟೆಕ್ಸ್‌ಚರ್ ಒಂದು ಮೆಟ್ಟಿಲು ಇಳಿಸಿ. ಅಷ್ಟೇ.

ಶಾಖದ ವಿಷಯ ಹಾಗಲ್ಲ. ಸೈಡ್ ಪ್ಯಾನೆಲ್ ತೆಗೆದು ನೋಡಿದಾಗ ಪ್ರೊಸೆಸರಿನ ಕೂಲರ್ ಮೇಲಿನಿಂದ ಶುಭ್ರವಾಗಿಯೇ ಕಂಡಿತು. ಫ್ಯಾನ್ ಬಿಚ್ಚಿದಾಗ ಅದರ ಕೆಳಗೆ, ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ, ಬೂದು ಬಣ್ಣದ ಧೂಳು ಕಂಬಳಿಯ ತುಂಡಿನ ಹಾಗೆ ಒತ್ತಾಗಿ ಕೂತಿತ್ತು. ಚಿಮಟದಲ್ಲಿ ಹಿಡಿದು ಎತ್ತಿದರೆ ಇಡಿಯಾಗಿ ಎದ್ದು ಬಂತು. ಕೆಳಗಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಚಕ್ಕೆಯಾಗಿತ್ತು. ಗಾಳಿ ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಬುಗುರಿಯಂತೆ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗುತ್ತದೆ. ಈ ಪ್ರೊಸೆಸರ್ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಎಚ್‌ಡಬ್ಲ್ಯೂಇನ್ಫೋ ತೆರೆದು ಥರ್ಮಲ್ ಥ್ರಾಟ್ಲಿಂಗ್ ಸಾಲಿನ ಮುಂದೆ ಒಮ್ಮೆಯಾದರೂ ಹೌದು ಎಂದಿದ್ದರೆ, ಸೆಟ್ಟಿಂಗ್ ಬದಲಿಸುವ ಮೊದಲು ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಿ.

ಸಾಫ್ಟ್‌ವೇರ್ ಕಡೆಗೆ ಬಂದರೆ, ಗಡಿಯಾರದ ಲೆಕ್ಕದ ಮುಳ್ಳುಗಳ ಮೂಲ ನನ್ನಲ್ಲಿ ಕೀಬೋರ್ಡಿನ ಬಣ್ಣದ ದೀಪಗಳನ್ನು ನಿಯಂತ್ರಿಸುವ ಒಂದು ಪ್ರೋಗ್ರಾಂ. ಅದನ್ನು ತೆಗೆದುಹಾಕಿದೊಡನೆ ಮುಳ್ಳು ಮಾಯ. ಎಂಟು ಹತ್ತು ಕೋರ್ ಇದ್ದವರಿಗೆ ಇಂಥವು ಗೊತ್ತೇ ಆಗುವುದಿಲ್ಲ. ನಾಲ್ಕು ಥ್ರೆಡ್ ಇರುವಲ್ಲಿ ಅದು ಎದ್ದಾಗಲೆಲ್ಲ ಆಟದ ಯಾವುದಾದರೂ ಥ್ರೆಡ್ ಜಾಗ ಬಿಡಲೇಬೇಕು. ವಿಂಡೋಸಿನ ಹಿನ್ನೆಲೆ ರೆಕಾರ್ಡಿಂಗ್, ಚಾಟ್ ಪ್ರೋಗ್ರಾಂಗಳ ಓವರ್‌ಲೇ, ಹತ್ತಾರು ಟ್ಯಾಬ್ ತೆರೆದ ಬ್ರೌಸರ್ ಎಲ್ಲಕ್ಕೂ ಇದೇ ನ್ಯಾಯ. ಅಳೆಯುವ ಸಾಧನವೂ ಇದಕ್ಕೆ ಹೊರತಲ್ಲ: ಕೆಲವು ಯಂತ್ರಗಳಲ್ಲಿ ಕಾರ್ಡಿನ ವಿದ್ಯುತ್ ಬಳಕೆಯನ್ನು ಮತ್ತೆ ಮತ್ತೆ ಕೇಳುವುದೇ ಎಡವಲು ಕಾರಣವಾಗುತ್ತದೆ. ಅನುಮಾನ ಬಂದರೆ ಆ ಸಾಲುಗಳನ್ನು ತೆಗೆದು ನೋಡಿ.

ಶೇಡರ್‌ನದು ಬೇರೆ ಗೋಳು. ಡೈರೆಕ್ಟ್‌ಎಕ್ಸ್ 12, ವಲ್ಕನ್ ಎಂಬ ಗ್ರಾಫಿಕ್ಸ್ ವ್ಯವಸ್ಥೆಗಳನ್ನು ಬಳಸುವ ಆಟಗಳಲ್ಲಿ ದೃಶ್ಯಕ್ಕೆ ಬೇಕಾದ ಶೇಡರ್‌ಗಳನ್ನು ಮೊದಲೇ ಸಿದ್ಧಮಾಡಿ ಇಡುವ ಹೊಣೆ ಬಹುಮಟ್ಟಿಗೆ ಆಟ ಬರೆದವರದು. ಅವರು ಮಾಡದಿದ್ದರೆ ಆಡುವಾಗಲೇ ಕಂಪೈಲ್ ಆಗುತ್ತದೆ (ಕಾರ್ಡಿನ ಭಾಷೆಗೆ ತಿರುಗುತ್ತದೆ), ಆ ಕೆಲಸ ಮತ್ತೆ ಪ್ರೊಸೆಸರಿನ ತಲೆಗೇ ಬೀಳುತ್ತದೆ. ಹಾಗಾಗಿ ಆಟದ ಶುರುವಿನಲ್ಲಿ ಶೇಡರ್ ಸಿದ್ಧವಾಗುತ್ತಿದೆ ಎಂಬ ಪಟ್ಟಿ ಬಂದರೆ ಬೇಸರಪಡದೆ ಕಾಯಿರಿ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲಿನಲ್ಲಿ ಶೇಡರ್ ಕ್ಯಾಶ್ ಗಾತ್ರವನ್ನು 10 ಜಿಬಿಗೆ ಏರಿಸಿಕೊಂಡರೆ ಒಮ್ಮೆ ಆದದ್ದು ಉಳಿಯುತ್ತದೆ. ಕಾರ್ಡನ್ನು ನಡೆಸುವ ಸಾಫ್ಟ್‌ವೇರ್ ಆದ ಡ್ರೈವರ್ ಬದಲಿಸಿದರೆ ಮಾತ್ರ ಮತ್ತೆ ಮೊದಲಿನಿಂದ. ಹೊಸ ಡ್ರೈವರ್ ಹಾಕಿದ ದಿನ ಆಟ ಕೆಟ್ಟಿತು ಎಂದು ಅನ್ನಿಸಿದರೆ ಒಂದೆರಡು ದಿನ ಆಡಿ ನೋಡಿ ಆಮೇಲೆ ಬೈಯಿರಿ.

ಕೆಲಸಕ್ಕೆ ಬಾರದವುಗಳಲ್ಲಿ ಮೊದಲನೆಯದು ಗೇಮ್ ಬೂಸ್ಟರ್ ಪ್ರೋಗ್ರಾಂಗಳು. ತಾವೇ ಹಿನ್ನೆಲೆಯಲ್ಲಿ ಕೂತು ಇತರರನ್ನು ಓಡಿಸುತ್ತೇನೆ ಅನ್ನುವವು. ವಿಂಡೋಸಿನ ಸೆಟ್ಟಿಂಗ್ ಕೋಶವಾದ ರಿಜಿಸ್ಟ್ರಿಯಲ್ಲಿ ಅಂಕಿ ತಿದ್ದುವ ವಿಡಿಯೋಗಳೂ ಅಷ್ಟೇ, ಗ್ರಾಫಿನಲ್ಲಿ ಕೂದಲೆಳೆಯ ವ್ಯತ್ಯಾಸ ಕಾಣಲಿಲ್ಲ. ಪೇಜ್ ಫೈಲ್ ಪೂರ್ತಿ ಆಫ್ ಮಾಡಿ ಎನ್ನುವ ಸಲಹೆಯನ್ನಂತೂ ದೂರ ಇಡಿ. ಮೆಮೊರಿ ಸಾಲದೆ ಹೋದಾಗ ಆಟ ಎಡವುವ ಬದಲು ನೇರ ಮುಚ್ಚಿಕೊಳ್ಳುತ್ತದೆ.

ಇಷ್ಟೆಲ್ಲ ಆದ ಮೇಲೂ ಉಳಿದ ಗರಗಸವನ್ನು ತಗ್ಗಿಸಿದ್ದು ಫ್ರೇಮ್ ಮಿತಿ. ಬಿಟ್ಟರೆ 70ಕ್ಕೆ ಹಾರಿ 45ಕ್ಕೆ ಬೀಳುವ ಆಟವನ್ನು ರಿವಾಟ್ಯೂನರಿನಲ್ಲಿ 50ಕ್ಕೆ ಕಟ್ಟಿಹಾಕಿದೆ. ಪ್ರೊಸೆಸರಿಗೆ ಉಸಿರು ಬಿಡಲು ಜಾಗ ಸಿಕ್ಕಿತು, ಗೆರೆ ಹಗ್ಗ ಎಳೆದಂತೆ ನಿಂತಿತು. ಆದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ 60 ಹರ್ಟ್ಸ್‌ನ ಸಾದಾ ಮಾನಿಟರಿಗೆ 50 ಸಮನಾಗಿ ಭಾಗವಾಗುವುದಿಲ್ಲ, ಕೆಲವು ಫ್ರೇಮ್ ಎರಡು ಸಲ ಕಾಣಿಸಿಕೊಂಡು ಇನ್ನೊಂದು ಬಗೆಯ ಜರ್ಕ್ ಹುಟ್ಟುತ್ತದೆ. ಅಂಥ ಮಾನಿಟರಿನಲ್ಲಿ 60 ಅಥವಾ 30, ನಡುವಿನದು ಬೇಡ. ಕಾರ್ಡಿನ ಫ್ರೇಮಿಗೆ ತಕ್ಕಂತೆ ತನ್ನ ವೇಗ ಬದಲಿಸಿಕೊಳ್ಳುವ ಅಡಾಪ್ಟಿವ್ ಸಿಂಕ್ ಮಾನಿಟರ್ ಇದ್ದರೆ ಈ ತೊಡಕಿಲ್ಲ. 2019ರ ಜನವರಿಯ ಡ್ರೈವರಿನಿಂದ 1060ರಂಥ ಕಾರ್ಡುಗಳಿಗೂ ಆ ಸೌಲಭ್ಯ ಬಂತು. ಕೇಬಲ್ ಮಾತ್ರ ಡಿಸ್‌ಪ್ಲೇಪೋರ್ಟ್ ಆಗಿರಬೇಕು, ಎಚ್‌ಡಿಎಂಐನಲ್ಲಿ ಈ ಕಾರ್ಡಿಗೆ ನಡೆಯುವುದಿಲ್ಲ. ಮಾನಿಟರಿನ ಶ್ರೇಣಿ 48 ಹರ್ಟ್ಸ್‌ನಿಂದ ಶುರುವಾಗುತ್ತಿದ್ದರೆ ಮಿತಿಯನ್ನು ಅದಕ್ಕಿಂತ ಮೇಲೆಯೇ ಇಡಿ.

ಈಗ ಈ ಯಂತ್ರಕ್ಕೆ ಇನ್ನೂ ದುಡ್ಡು ಸುರಿಯಬಹುದೇ? ಇದೇ ಬೋರ್ಡಿಗೆ ಕೂರುವ ಸಹಜ ಮುಂದಿನ ಮೆಟ್ಟಿಲು ನಾಲ್ಕು ಕೋರ್, ಎಂಟು ಥ್ರೆಡ್‌ಗಳ ಐ7-7700. ಸೆಕೆಂಡ್ ಹ್ಯಾಂಡ್ ಅಗ್ಗಕ್ಕೆ ಸಿಕ್ಕರೆ ಗರಗಸದ ಹಲ್ಲು ಇನ್ನಷ್ಟು ಮೊಂಡಾಗುತ್ತದೆ. ಐ7-8700 ನೋಡಲು ಅದೇ ಸಾಕೆಟ್ಟಿನಂತೆ ಇದ್ದರೂ ಅದಕ್ಕೆ 300 ಸರಣಿಯ ಬೋರ್ಡೇ ಬೇಕು, ಮಾರುವವರ ಮಾತು ನಂಬಿ ಕೊಳ್ಳಬೇಡಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಐ5-7500 ಇಲ್ಲ. ಹೊಸ ಆಟಗಳಿಗೆ ಹೊಂದಿಸಿದ ಡ್ರೈವರ್‌ಗಳೂ 1060 ಸೇರಿದ 10 ಸರಣಿಗೆ 2025ರ ಅಕ್ಟೋಬರಿಗೇ ನಿಂತವು, ಮುಂದೆ ಬರುವುದು ಭದ್ರತಾ ಅಪ್‌ಡೇಟ್ ಮಾತ್ರ.

ನನ್ನ ಲೆಕ್ಕದಲ್ಲಿ 2020ಕ್ಕೂ ಹಿಂದಿನ ಆಟಗಳಿಗೆ ಈ ಪಿಸಿ ಇನ್ನೂ ಐದಕ್ಕೆ ನಾಲ್ಕು ಅಂಕದ್ದು. ತೀರ ಹೊಸ ದೊಡ್ಡ ಆಟಗಳಿಗೆ ಎರಡರ ಮೇಲೆ ಕೊಡಲಾರೆ. ಇಂಥದ್ದೇ ಯಂತ್ರ ಇದ್ದರೆ ಮೊದಲು ಧೂಳು ತೆಗೆಯಿರಿ, ಆಮೇಲೆ ಎರಡನೇ ರ‍್ಯಾಮ್, ಆಮೇಲೆ ಎಸ್‌ಎಸ್‌ಡಿ. ಮುಂದೆ ಹೊಸ ಪಿಸಿ ಕೊಂಡಾಗ ಎಸ್‌ಎಸ್‌ಡಿ ಮತ್ತು ಮಾನಿಟರ್ ಜೊತೆಗೆ ಬರುತ್ತವೆ. ರ‍್ಯಾಮ್ ಬರುವುದಿಲ್ಲ, ಡಿಡಿಆರ್4 ಸ್ಟಿಕ್ ಡಿಡಿಆರ್5 ಸ್ಲಾಟಿನಲ್ಲಿ ಕೂರುವುದಿಲ್ಲ; ಹಾಗಾಗಿ ಅದನ್ನು ಹೊಸದಾಗಿ ಕೊಳ್ಳುವುದಕ್ಕಿಂತ ಸೆಕೆಂಡ್ ಹ್ಯಾಂಡ್ ಹುಡುಕುವುದು ಮೇಲು.