ತ್ಸುಕಿಜಿಯಲ್ಲಿ ಗೈಡ್ ಜೊತೆ ಒಂದು ಬೆಳಗ್ಗೆ

ಟೋಕಿಯೋದ ತ್ಸುಕಿಜಿ ಹೊರ ಮಾರುಕಟ್ಟೆಯ ಫುಡ್ ಟೂರ್‌ಗೆ ಹೋಗಿದ್ದೆ. ಮೂರು ಗಂಟೆ ಸುತ್ತಾಟ. ಒಬ್ಬಳೇ ಹೋಗಿದ್ದರೆ ಅರ್ಧದಷ್ಟೂ ಅರ್ಥವಾಗುತ್ತಿರಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಹೆಸರಾದ ಟ್ಯೂನಾ ಮೀನಿನ ಹರಾಜು ಈಗ ಇಲ್ಲಿಲ್ಲ. ಸಗಟು ಮಾರುಕಟ್ಟೆ 2018ರ ಅಕ್ಟೋಬರ್‌ನಲ್ಲೇ ಟೋಕಿಯೋದಲ್ಲೇ ಇರುವ ತೊಯೊಸು ಎಂಬ ಜಾಗಕ್ಕೆ ಹೋಯಿತು. ಇಲ್ಲಿ ಉಳಿದಿರುವುದು ಇಕ್ಕಟ್ಟಾದ ಓಣಿಗಳು, ಸಾಲು ಸಾಲು ಅಂಗಡಿಗಳು.

ನನಗೆ ತುಂಬಾ ಹಿಡಿಸಿದ್ದು ಟ್ಯೂನಾ ಅಂಗಡಿ. ಒಂದೇ ಮೀನಿನ ಮೂರು ಭಾಗಗಳನ್ನು ಒಂದಾದ ಮೇಲೊಂದು ತಿನ್ನಿಸಿದರು. ಅಕಾಮಿ ಕಡುಗೆಂಪು, ಕೊಬ್ಬು ಕಡಿಮೆ. ಹೊಟ್ಟೆ ಭಾಗದ ಓತೊರೊ ಬಾಯಿಗಿಟ್ಟ ಕೂಡಲೇ ಕರಗುತ್ತದೆ. ಜಾಸ್ತಿ ಜನ ಹೊಗಳುವುದು ಅದನ್ನೇ. ನನಗೆ ಮಾತ್ರ ಎರಡರ ನಡುವಿನ ಚೂತೊರೊ ಇಷ್ಟವಾಯಿತು. ಮೀನಿನ ರುಚಿಯೂ ಉಳಿದಿರುತ್ತದೆ, ಅಲ್ವಾ?

ಆಮೇಲೆ ಕತ್ಸುಒಬುಶಿ. ಹೊಗೆ ಹಾಕಿ ಒಣಗಿಸಿದ ಮೀನು, ಮುಟ್ಟಿದರೆ ಕಟ್ಟಿಗೆಯ ಹಾಗೆ. ಅದನ್ನು ತೆಳ್ಳಗೆ ಹೆರೆದು ಮಾಡಿದ ಬಿಸಿ ದಾಶಿಯನ್ನು, ಅಂದರೆ ತಿಳಿಸಾರನ್ನು, ಪುಟ್ಟ ಲೋಟದಲ್ಲಿ ಕೊಟ್ಟರು. ಆ ಘಮ ಇನ್ನೂ ನೆನಪಿದೆ.

ನಡೆಯುತ್ತಾ ತಿನ್ನಬೇಡಿ, ಕೊಂಡ ಅಂಗಡಿಯ ಮುಂದೆಯೇ ನಿಂತು ತಿನ್ನಿ ಎಂದು ಗೈಡ್ ಹೇಳಿದರು. ಕಡ್ಡಿಗೆ ಚುಚ್ಚಿದ ಸಿಹಿ ತಮಾಗೊಯಾಕಿಯನ್ನೂ (ಜಪಾನಿ ಆಮ್ಲೆಟ್) ಹಾಗೇ ತಿಂದೆವು.

ಕೊನೆಗೆ ಪಕ್ಕದ ನಾಮಿಯೊಕೆ ದೇಗುಲ. ಅಲ್ಲಿ ಸೀಗಡಿಗೆ, ಮೊಟ್ಟೆಗೆ ಕೂಡ ನೆನಪಿನ ಕಲ್ಲು ನಿಲ್ಲಿಸಿದ್ದಾರೆ. ನೋಡಿ ಮನಸ್ಸು ತುಂಬಿ ಬಂತು.

ಒಂದೇ ಕೊರತೆ, ಗುಂಪಿನಲ್ಲಿ ಹನ್ನೆರಡು ಜನ. ಹಿಂದೆ ನಿಂತವರಿಗೆ ಮಾತು ಕೇಳಿಸುತ್ತಿರಲಿಲ್ಲ. ಚಿಕ್ಕ ಗುಂಪು ಸಿಕ್ಕರೆ ಅದನ್ನೇ ಹಿಡಿಯಿರಿ. ಬುಧವಾರ, ಭಾನುವಾರ ತುಂಬಾ ಅಂಗಡಿಗಳು ಮುಚ್ಚಿರುತ್ತವೆ. ಕೈಯಲ್ಲಿ ನಗದು ಯೆನ್ ಇರಲಿ, ತಿಂಡಿ ತಿಂದು ಹೋಗಬೇಡಿ.